ಬೆರಕೆ ಮನೆಯಲ್ಲಿ ಅಜ್ಜನ ಮೇಜು

ಸೋದರತ್ತೆ ಆ ಮಾತು ಹೇಳಿದ್ದು ಅಜ್ಜನ ಮೇಜಿನ ಮುಂದೆ ನಿಂತು, ಎಡಗಾಲನ್ನು ಅದರ ಕಾಲಿಗೆ ಒತ್ತಿ, ಎರಡೂ ಕೈಯಲ್ಲಿ ಡ್ರಾಯರು ಎಳೆಯುತ್ತ.

"ಈ ಮೇಜು ನನ್ನ ಮಗಳ ಗಂಡನಿಗೆ ಕಣೋ. ಪರದೆ ಹೊಲಿಸ್ಕೊಂಡಿರೋ ನಿನಗ್ಯಾಕೆ?"

ಅವನಿಗೆ ಮೈಯೆಲ್ಲ ಉರಿದುಹೋಯಿತು. ಹದಿನೆಂಟು ವರ್ಷ ಊರವರ ಮನೆಗಳನ್ನು ಅಲಂಕರಿಸಿ ಹೆಸರು ಮಾಡಿದವನನ್ನು ಅತ್ತೆ ಇವತ್ತಿಗೂ ಕರೆಯುವುದು 'ಪರದೆ' ಎಂದೇ. ಅಜ್ಜನ ತೊಡೆಯ ಮೇಲೆ ಕೂತು ಅವನು ಮೊದಲ ಗೆರೆ ಎಳೆದದ್ದು ಆ ಮೇಜಿನ ಮೇಲೆ. ಅಜ್ಜ ಹೋದ ಮೇಲೆ ಅತ್ತೆ ಅದನ್ನು ಮುಟ್ಟಲೂ ಬಿಟ್ಟಿರಲಿಲ್ಲ. ಈಗ, ಬಿಸಿ ಲೋಟವನ್ನು ಎಲ್ಲೆಂದರಲ್ಲಿ ಕುಕ್ಕುವ ಆ ಮಹಾನುಭಾವನಿಗೆ ಕೊಡುತ್ತಾಳಂತೆ!

ಕದ್ದರೆ ಕಳ್ಳತನ, ಬದಲಾಯಿಸಿದರೆ ವಿನ್ಯಾಸ ಎಂದು ಅವನು ತನಗೆ ತಾನೇ ಹೇಳಿಕೊಂಡ.

ಮರುವಾರವೇ ಅತ್ತೆಯ ಎದುರು ನಕ್ಷೆ ಹರಡಿದ. ಇಡೀ ಮನೆಗೆ ಬೆರಕೆ ಶೈಲಿಯ ಅಲಂಕಾರ, ಅದೂ ಬಿಟ್ಟಿ. ಬಿಟ್ಟಿ ಎಂದ ಮೇಲೆ ಅತ್ತೆ ಒಲ್ಲೆ ಎನ್ನುವವಳಲ್ಲ.

ಬೆರಕೆ ಶೈಲಿಯ ಸುಖವೇ ಅದು, ಯಾವುದೂ ಯಾವುದಕ್ಕೂ ಹೊಂದಬೇಕಿಲ್ಲ. ಸಿಂಹದ ಪಾದದ ಸೋಫಾದ ಪಕ್ಕ ಕಾರ್ಖಾನೆಯ ಕಬ್ಬಿಣದ ಸ್ಟೂಲು. ಬೆತ್ತದ ಕುರ್ಚಿಯ ನೆತ್ತಿಗೆ ಗಾಜಿನ ತೂಗುದೀಪ. ಅಡುಗೆಮನೆಗೆ ಹಡಗಿನ ದುಂಡು ಕಿಟಕಿ. ಮೇಜಿನ ಕೋಣೆಗೆ ಹುಲಿಪಟ್ಟೆಯ ಜಮಖಾನ, ಸುತ್ತ ಸನ್ಯಾಸಿಯ ಕೋಣೆಯಂಥ ಬೋಳು ಗೋಡೆ. ಇಷ್ಟು ಗದ್ದಲದಲ್ಲಿ ಹಳೇ ಮೇಜೊಂದನ್ನು ದಿಟ್ಟಿಸಿ ನೋಡುವವರು ಯಾರು? ಮೂರು ವಾರ ಹಗಲಿಡೀ ಸಾಮಾನು ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ.

ಅತ್ತೆ ಡ್ರಾಯರಿನಲ್ಲಿದ್ದ ಕನ್ನಡಕ, ಗುಳಿಗೆ, ಹಳೇ ಪತ್ರಗಳನ್ನೆಲ್ಲ ಡಬ್ಬಿಗೆ ತುಂಬಿಕೊಂಡು ಮಗಳ ಮನೆಗೆ ಹೋದಳು. ಅವನು ಊರಲ್ಲೇ ಹೆಸರಾದ ಮುದಿ ಬಡಗಿಯನ್ನು ಕರೆತಂದ. ಬಡಗಿ ಮೇಜನ್ನು ತಿರುಗಿಸಿ, ಮಗುಚಿ, ಎಳೆದು, ತಳ್ಳಿ ಅಳೆದ. ಮಸಿಯ ಕಲೆ ಎಷ್ಟಗಲ, ಅಂಚಿನ ಸೀಳು ಎಷ್ಟುದ್ದ, ಅಜ್ಜನ ಮೊಣಕೈ ಸವೆಸಿದ ಹೊಳಪು ಎಲ್ಲಿ ಎಂದು ಅವನು ಬೆರಳಿಟ್ಟು ತೋರಿಸಿದ. ಹದಿನೈದನೆಯ ದಿನ ವ್ಯಾನಿನಲ್ಲಿ ತದ್ರೂಪು ಬಂತು. ಅಸಲು ಅದೇ ವ್ಯಾನಿನಲ್ಲಿ, ನೆರೆಯವರ ಕಣ್ಣೆದುರೇ, ಕಂಬಳಿ ಹೊದ್ದು ಅವನ ಮನೆಗೆ ಹೊರಟಿತು.

"ಎಲ್ಲಾ ಹಾಗೇ ಇದೆ ಸಾರ್," ಎಂದ ಬಡಗಿ. "ಕೆಟ್ಟ ಕೆಲಸ ಮಾತ್ರ ನನ್ನ ಕೈಲಿ ಬರಲ್ಲ."

ಮುದುಕನ ಜಂಬಕ್ಕೆ ಅವನು ಒಳಗೊಳಗೇ ನಕ್ಕ.

ಮನೆ ತೋರಿಸುವ ದಿನ ನೆಂಟರೆಲ್ಲ ಬಂದರು. ಅತ್ತೆ ಡಬ್ಬಿ ಹಿಡಿದೇ ಕೋಣೆ ಕೋಣೆ ಸುತ್ತಿ, "ಏನೋ ಪರದೆ, ಇದು ಮನೆಯೋ ಗುಜರಿ ಅಂಗಡಿಯೋ?" ಎಂದಳು. ಮಗಳ ಗಂಡ ಮೇಜಿನ ಮೇಲೆ ಲೋಟ ಕುಕ್ಕಿದ. ಕುಕ್ಕಪ್ಪಾ ಕುಕ್ಕು, ಎಂದುಕೊಂಡ ಅವನು. ಅತ್ತೆ ಮಸಿಯ ಕಲೆಯನ್ನು ಸವರಿ, "ಸದ್ಯ, ಇದೊಂದನ್ನ ಹಾಗೇ ಬಿಟ್ಟಿದ್ದೀಯಲ್ಲ," ಎಂದಳು. ಹಿಗ್ಗಿನಿಂದ ಅವನಿಗೆ ಕುಣಿಯುವಂತಾಯಿತು.

ಆಮೇಲೆ ಅವಳು ಡಬ್ಬಿ ಕೆಳಗಿಟ್ಟು, ಎಡಗಾಲನ್ನು ಮೇಜಿನ ಕಾಲಿಗೆ ಒತ್ತಿ, ಮೂವತ್ತೈದು ವರ್ಷದಿಂದ ಎಳೆದಂತೆಯೇ ಎರಡೂ ಕೈಯಲ್ಲಿ ಡ್ರಾಯರನ್ನು ಎಳೆದಳು. ಕಚ್ಚಿಕೊಳ್ಳುವ ಡ್ರಾಯರು ಮಾಡುವುದು ಆ ಬಡಗಿಗೆ ಜನ್ಮದಲ್ಲೇ ಗೊತ್ತಿರಲಿಲ್ಲ. ಅದು ಬೆಣ್ಣೆಯಂತೆ ಜಾರಿ ಬಂತು, ಅತ್ತೆ ಅದನ್ನು ಮಡಿಲಲ್ಲಿ ಅಪ್ಪಿಕೊಂಡೇ ಹುಲಿಪಟ್ಟೆಯ ಮೇಲೆ ದೊಪ್ಪೆಂದು ಕೂತಳು. ಎತ್ತಲು ಬಂದ ನೆಂಟರ ಕೈ ತಳ್ಳಿ, ಡ್ರಾಯರಿನ ನುಣುಪು ಅಂಚಿನ ಮೇಲೆ ಬೆರಳಾಡಿಸಿ, ನಿಧಾನವಾಗಿ ತಲೆಯೆತ್ತಿ ಅವನನ್ನೇ ನೋಡಿದಳು. "ಲೋ ಪರದೆ," ಎಂದಳು, "ನಮ್ಮಪ್ಪನ ಮೇಜೆಲ್ಲಿ?"