ಸೊಂಟದ ಹಿಂದಿನ ಕಂಬಳಿ

ಬೆನ್ನಿನ ಆಪರೇಷನ್ ಆದಮೇಲೆ ಡಾಕ್ಟರು, ಕೂತಷ್ಟೇ ಹೊತ್ತು ಎದ್ದು ನಡೆಯಬೇಕು, ಇಲ್ಲದಿದ್ದರೆ ಕಾಲು ಹೋಗುತ್ತದೆ ಎಂದಿದ್ದರು. ಕಡೂರಿನ ನಮ್ಮ ಮನೆಯ ಕುರ್ಚಿಯಲ್ಲಿ ಕೂತರೆ ಪ್ರಾಣ ಹೋಗುವ ನೋವು. ಹೆಂಡತಿ ಭುವನಾ ತವರು ಯಗಟಿಯಿಂದ ಒಂದು ಕಂಬಳಿ ತಂದು, ಸುರುಳಿ ಸುತ್ತಿ ನನ್ನ ಸೊಂಟದ ಹಿಂದೆ ಇಟ್ಟಳು. ನೋವು ತಕ್ಷಣ ಇಳಿಯಿತು. ಆದರೆ ಆ ಕಂಬಳಿ, ಈಗಷ್ಟೇ ಯಾರೋ ಹೊದ್ದು ಎದ್ದುಹೋದ ಹಾಗೆ, ಯಾವಾಗಲೂ ಬೆಚ್ಚಗಿರುತ್ತಿತ್ತು. ಬೀಡಿಯ ವಾಸನೆ ಬೇರೆ.

"ಯಾರ್ದೇ ಇದು?"

"ಅಪ್ಪಂದು ಕಣ್ರೀ. ಹೆಣದ ಜೊತೆ ಗುಂಡಿಗೆ ಹಾಕ್ಬೇಕಿತ್ತು. ಒಳ್ಳೇ ಕಂಬಳಿ ಅಂತ ಎತ್ತಿಟ್ಕೊಂಡೆ. ಯಾಕೆ, ನಿಮ್ ಮಾವ ಕಚ್ತಾರಾ?"

ಮಾವ ಚಿಕ್ಕಬೀರಪ್ಪ ಸೊಂಟ ಬಿದ್ದುಹೋಗಿ, ವರ್ಷಗಟ್ಟಲೆ ಕೂತಲ್ಲೇ ಕೂತು ಸತ್ತವರು.

ನಾನು ಏಳಲು ಹೊರಟಾಗಲೆಲ್ಲ ಆ ಬಿಸಿ ಸೊಂಟವನ್ನು ತಬ್ಬಿಕೊಳ್ಳುತ್ತಿತ್ತು. ನಾಳೆ ನಡೆದರಾಯಿತು ಎಂದು ಕೂತುಬಿಡುತ್ತಿದ್ದೆ. ಮೊದಲು ಕಾಲ್ಬೆರಳು, ಆಮೇಲೆ ಪಾದ ಜೋಮು ಹಿಡಿದವು.

ಒಂದು ಮಧ್ಯಾಹ್ನ ಹೆದರಿ ಕೂಗಿದೆ. "ಭುವನಾ, ಈ ಕಂಬಳಿ ತೆಗಿಯೇ!"

ಅವಳು ಬಾಗಿಲಲ್ಲೇ ನಿಂತಳು. "ಬೆಳಗ್ಗೆನೇ ಒಗ್ದು ಹಾಕಿದ್ನಲ್ರೀ."

ಹೊರಗೆ ತಂತಿಯ ಮೇಲೆ ಕಂಬಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಸೊಂಟದ ಹಿಂದೆ ಬೆಚ್ಚಗೇ ಇತ್ತು.

ಅವತ್ತಿನಿಂದ ನನಗೆ ಏಳಲಾಗಿಲ್ಲ. ಕೂರುವುದು ಮಾತ್ರ ಬಹಳ ಆರಾಮ.