ರ್ಯಾಕಿಗೆ ಬಾರದ ಡಿಸೈನು

"ಈ ಸಲಾನೂ ನನ್ನ ಗಂಟು ಕಾಣಸವಲ್ದು ಅಂತೀರಿ? ನಾ ಖುದ್ದ ಎಸ್‌ಟಿ ಬಸ್ಸಿಗಿ ಹಾಕೀನ್ರಿ!"

ಅಕ್ಕಲಕೋಟೆಯಿಂದ ಮೊದಲ ಬಸ್ಸಿಗೇ ಬಂದಿದ್ದ ಶಿವರಾಯ. ಸಿಟ್ಟಿಗೆ ಮೂಗಿನ ತುದಿ ಕೆಂಪಾಗಿತ್ತು. ಅದನ್ನು ನೋಡಿ ಅಕ್ಕನಾಗಮ್ಮನಿಗೆ ನಗು ಬಂತು, ಸುಡಲಿ!

"ಇದ್ದದ್ದನ್ನ ಇಲ್ಲಾ ಅನ್ನಾಕ ನನಗೇನ ಹುಚ್ಚ ಹಿಡದೈತೇನ್ರಿ? ನೀವೇ ನೋಡ್ರಿ."

೧೯೭೪ರ ಸೊಲ್ಲಾಪುರ. ಸಾಹುಕಾರ ಕಲ್ಯಾಣಪ್ಪನವರ ಚಾದರ ಕಾರ್ಖಾನೆ. ಶಿವರಾಯ ಅಕ್ಕಲಕೋಟೆಯಲ್ಲಿ ಕೂತು ಮಗ್ಗಕ್ಕೆ ಹಾಕುವ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಚಾದರದ ಡಿಸೈನು ಮಾಡುವವ. ಆ ಕಾರ್ಡಿನ ಗಂಟು ಬಸ್ಸಿನಲ್ಲಿ ಇಲ್ಲಿಗೆ ಬಂದರೆ, ಹನ್ನೂರಿನ ಅಕ್ಕನಾಗಮ್ಮ ರ್ಯಾಕಿನಲ್ಲಿ ಜೋಡಿಸಬೇಕು. ವ್ಯಾಪಾರಿಗಳು ರ್ಯಾಕು ನೋಡಿಯೇ ಆರಿಸುವುದು; ಅಲ್ಲಿ ಕಾಣದ ಡಿಸೈನು ಮಗ್ಗ ಏರುವುದಿಲ್ಲ. ಶಿವರಾಯ ಕೆಲಸಕ್ಕೆ ಸೇರಿದಾಗಿನಿಂದ ಅವನದೊಂದೂ ಅಲ್ಲಿ ಕಂಡಿರಲಿಲ್ಲ.

ಕೇಳಲಿಕ್ಕೆಂದು ಬರುತ್ತಿದ್ದ, ಜಗಳಾಡುತ್ತಿದ್ದ, ಹೋಗುವಾಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡುತ್ತಿದ್ದ. ಆ ಒಂದು ನೋಟಕ್ಕಾಗಿ ಇವಳು ಜಡೆಗೆ ಅಬೋಲಿ ಹೂ ಮುಡಿಯುತ್ತಿದ್ದಳು.

"ಇವತ್ತೂ ಸಿಗಲಿಲ್ಲಂದ್ರ ಸಾವಕಾರ್ರು ಕೆಲಸ ಬಿಡಸ್ತಾರ," ಅಂದ ಮೆತ್ತಗೆ. "ಸಂಜಿ ಗಾಡಿಗಿ ಮುಂಬೈಗಿ ಹೋಗ್ತೀನ್ರಿ."

ಅಕ್ಕನಾಗಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಳು.

ಬಸ್ಸಿನಿಂದ ಗಂಟು ಹೊತ್ತು ತರುವ ಹಮಾಲ ಸೈದಪ್ಪ ಆಣೆ ಮಾಡಿದ. "ಎಲ್ಲಾ ತಂದೀನವ್ವ. ದಿನದಂಗ ದೇವರ ಖೋಲಿ ಮುಂದ ಇಟ್ಟೀನಿ."

ಅದು ಕಾರ್ಖಾನೆಗೆ ಹತ್ತಿಕೊಂಡೇ ಇದ್ದ ಸಾಹುಕಾರರ ಮನೆಯ ರೂಢಿ. ಸಾಹುಕಾರರ ತಾಯಿ ಶಾರದಾಬಾಯಿ ಅರಿಷಿಣ ಕುಂಕುಮ ಹಚ್ಚಿದ ಮೇಲೇ ಹೊಸ ಡಿಸೈನು ರ್ಯಾಕಿಗೆ ಬರಬೇಕು. ಅಲ್ಲಿಯವರೆಗೆ ಬೇರೆ ಯಾರೂ ಮುಟ್ಟುವಂತಿಲ್ಲ.

"ಗಂಟು ಹ್ಯಾಂಗ ಕಟ್ಟತೀರಿ?" ಎಂದು ಶಿವರಾಯನನ್ನು ಕೇಳಿದಳು.

"ಅವ್ವ ಕಟ್ಟತಾಳ್ರಿ, ಹೊಸಾ ಬಿಳಿ ಅರಿವ್ಯಾಗ."

"ಬಿಳೀದು ಯಾಕ?"

"ನಾವು ಬೌದ್ಧರಲ್ರಿ? ನಮ್ಮಲ್ಲಿ ಮದುಮಗಳೂ ಬಿಳಿ ಸೀರೀನ ಉಡತಾಳ. ನಮಗ ಅದೇ ಶುಭ."

ಅಯ್ಯ ನನ್ನ ಕರ್ಮವೇ! ಅಕ್ಕನಾಗಮ್ಮ ಒಳಗೆ ಶಾರದಾಬಾಯಿಯವರ ಹತ್ತಿರ ಓಡಿದಳು.

"ಬಿಳಿ ಅರಿವಿ ಸತ್ತವರಿಗಿ ಹೊದಸೋದು," ಅಂದರು ಶಾರದಾಬಾಯಿ, ದನಿ ತಗ್ಗಿಸಿ. "ಹ್ಯಾಂಗ ಕುಂಕುಮ ಹಚ್ಚಲಿ? ಮೆಟ್ಟಲ ಕೆಳಗ ಇಡಿಸೀನಿ." ಅಶುಭದ ಮಾತು ಬಾಯಿಗೆ ತರಬಾರದೆಂದು ಮಗನಿಗೂ ಹೇಳಿರಲಿಲ್ಲ.

ಆ ಅವ್ವಾರ ಮುಂದೆ ತಲೆ ಎತ್ತಿದವಳಲ್ಲ ಇವಳು. ಇವತ್ತು ಎತ್ತಿದಳು.

"ಅವರ ಮನ್ಯಾಗ ಬಿಳೀದ ಮದಿವಿ ಬಣ್ಣ ಅಂತ್ರಿ ಅವ್ವಾರ. ಮಗನ ಕೆಲಸಾ ಹಸನಾಗ್ಲಿ ಅಂತ ತಾಯಿ ಕಟ್ಟಿ ಕಳಸ್ಯಾಳ. ಅಶುಭ ಹ್ಯಾಂಗಾದೀತ್ರಿ?"

ಶಾರದಾಬಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಬಾಯಾಗ ಬೆರಳಿಟ್ರ ಕಚ್ಚಾಕ ಬರದಾಕಿ, ಅವನ ಸಲವಾಗಿ ಇಷ್ಟ ಮಾತಾಡ್ತಿ?" ಅವಳ ಕೆನ್ನೆ ಬಿಸಿಯಾಯಿತು. ಮುದುಕಿ ಗೊಣಗುತ್ತ ಕುಂಕುಮದ ಬಟ್ಟಲು ಹುಡುಕಲು ಎದ್ದರು.

ಮಧ್ಯಾಹ್ನದ ಹೊತ್ತಿಗೆ ಅವನ ಡಿಸೈನುಗಳೆಲ್ಲ ರ್ಯಾಕಿನಲ್ಲಿದ್ದವು. ಲಾತೂರಿನ ವ್ಯಾಪಾರಿ ಬಂದವನೇ ಜೋಳದ ತೆನೆಯ ಡಿಸೈನಿಗೆ ಕೈ ತೋರಿಸಿದ. ಸಾಹುಕಾರರು ಶಿವರಾಯನ ಬೆನ್ನು ತಟ್ಟಿದರು.

ಎಲ್ಲರೂ ಹೋದ ಮೇಲೂ ಅವನು ಕಂಬಕ್ಕೆ ಆತು ನಿಂತೇ ಇದ್ದ, ಚೀಲ ಹೆಗಲಲ್ಲಿ.

"ಕೆಲಸ ಉಳೀತಲ್ರಿ. ಮತ್ಯಾಕ ಮಾರಿ ಸಣ್ಣ ಮಾಡೀರಿ?"

"ಇನ್ನ ಮ್ಯಾಲ ಜಗಳಾಡಾಕ ಬರಾಕ ನೆವಾನ ಇಲ್ಲಲ್ರಿ."

"ನೆವಾ ಇಲ್ದನ ಬರ್ರಿ," ಅಂದಳು. ಅಂದಮೇಲೆ ತಾನೇ ಬೆಚ್ಚಿದಳು. ಆದರೆ ಮಾತು ಹಿಂದೆ ತಗೊಳ್ಳಲಿಲ್ಲ.

ಅವನ ಕಣ್ಣುಗಳು ಅರಳಿ, ಮತ್ತೆ ಕುಗ್ಗಿದವು. "ನಮ್ಮ ಮನಿ ಬ್ಯಾರೆ, ನಿಮ್ಮ ಮನಿ ಬ್ಯಾರೆ. ಜನಾ ಸುಮ್ಮ ಬಿಡ್ತಾರೇನ್ರಿ?"

"ಬಿಡೂದಿಲ್ಲ. ಮೊದಲ ಹನ್ನೂರಾಗ ನಮ್ಮಪ್ಪ ಬೈತಾನ. ಬೈಸಿಕೊಳ್ಳಾಕ ನಾ ತಯಾರ ಅದೀನಿ." ಕಣ್ಣು ತುಂಬಿದ್ದರೂ ನೇರ ನೋಡಿದಳು. "ನೀವು?"

ಶಿವರಾಯ ಚೀಲ ಇಳಿಸಿ ಅವಳ ಕಾಲ ಬಳಿ ಇಟ್ಟ.

"ಹನ್ನೂರಿಗಿ ಬಸ್ ಎಷ್ಟಕ್ಕ ಐತ್ರಿ?"