ಬೆಸುಗೆ ಕರಗುವ ಮುನ್ನ

"ಇದು ಯಾವ ಬೆಂಕಿಯಾಗೆ ಬಿದ್ದಿತ್ರೀ?"

ಹುಲಿಗೆಮ್ಮ ಆ ಕಬ್ಬಿಣದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಅಂಚಿನುದ್ದಕ್ಕೂ ನೀಲಿ ಏರಿತ್ತು... ಹಾವು ಕಚ್ಚಿದ ಕಾಲಿನ ಹಾಗೆ!

"ಬೆಂಕಿಗೆ ಬಿದ್ದಿದ್ದಲ್ಲ. ಕಾರಿನ ಬ್ರೇಕಿನ ತಟ್ಟೆ. ಓಡಿ ಓಡಿ, ಹಿಡಿದು ಹಿಡಿದು ಹಿಂಗಾಗಿದೆ," ಎಂದ ಎದುರು ನಿಂತವನು. ಅವನ ಕಣ್ಣು ಅವಳನ್ನು ದಾಟಿ ಅಂಗಡಿಯೊಳಗೆ ಯಾರನ್ನೋ ಹುಡುಕುತ್ತಿತ್ತು. "ಯಜಮಾನ್ರು ಇಲ್ವಾ?"

"ಕೆಲಸ ಇದ್ರೆ ನಂಗೆ ಹೇಳ್ರಿ. ಕತೆ ಇದ್ರೆ ಅಪ್ಪಂಗೆ ಹೇಳ್ರಿ."

ಒಳಗೆ ಚಾಪೆಯ ಮೇಲೆ ಕೂತಿದ್ದ ರಾಜಪ್ಪ ಗೊಳ್ಳನೆ ನಕ್ಕ. ಕಣ್ಣಿಗೆ ಪೊರೆ ಬಂದು ಅವನು ಸುತ್ತಿಗೆ ಕೆಳಗಿಟ್ಟು ಎರಡು ವರ್ಷ. ಅಂದಿನಿಂದ ಶಿಕಾರಿಪುರದ ಪೇಟೆ ಬೀದಿಯ ಈ ತಗಡಿನ ಅಂಗಡಿಯಲ್ಲಿ ಆಲಿಕೆ, ಡಬ್ಬಿ, ಕೆಟಲು, ಬಕೆಟು ಎಲ್ಲ ಹುಟ್ಟುತ್ತಿದ್ದುದು ಮಗಳ ಕೈಯಲ್ಲೇ. ಪಾತ್ರೆಯ ಮೇಲೆ ಕೊಂಡವರ ಹೆಸರು ಕೊರೆಯುತ್ತಾರೆ. ಮಾಡಿದವರ ಹೆಸರು ಯಾವ ಪಾತ್ರೆಯ ತಳದಲ್ಲೂ ಇರುವುದಿಲ್ಲ. ನೋಡಿದ್ದೀರಾ ಎಲ್ಲಾದರೂ?

ಬಂದವನ ಹೆಸರು ಮಧುಕೇಶ್ವರ. ಸೊರಬದವನು, ಮೆಕ್ಯಾನಿಕ್. ಅಕ್ಕಿ ಗಿರಣಿಯ ಗುರುಪ್ರಕಾಶ್ ಮದರಾಸಿನ ರೇಸಿಗೆಂದು ಒಂದು ಕೆಂಪು ಕಾರು ಕೊಂಡಿದ್ದ. ಕಾರು ಅವನದು, ಓಡಿಸುವವನು ಮಧುಕೇಶ್ವರ. ಜಡೆ ಊರಿನ ಹತ್ತಿರ ಕೆಂಪುಕಲ್ಲು ಕಡಿದು ಬಿಟ್ಟ ಕ್ವಾರಿಯ ಸುತ್ತ ಅಭ್ಯಾಸ. ಲಾರಿ ತುಳಿದು ಗಟ್ಟಿಯಾದ ದಾರಿ, ಏಳು ತಿರುವು.

"ಏಳನೇ ತಿರುವಿನ ಕೆಳಗೆ ಗುಂಡಿ ಇದೆ. ನೀರು ತುಂಬಿಕೊಂಡಿದೆ. ತಳ ಕಂಡವರಿಲ್ಲ," ಎಂದ ಅವನು. "ಹತ್ತು ಸುತ್ತು ಆಗೋದ್ರೊಳಗೆ ಬ್ರೇಕು ಕಾದು ಪೆಡಲು ಹತ್ತಿ ತುಳಿದ ಹಂಗೆ ಮೆತ್ತಗಾಗ್ತದೆ. ಮುಂದಿನ ಗಾಳಿ ಹಿಡಿದು ಚಕ್ರದ ಒಳಗೆ ಈ ತಟ್ಟೆಗೆ ಊದಬೇಕು. ಅದಕ್ಕೊಂದು ಕೊಳವೆ ಬೇಕು."

"ಊದಿದ್ರೆ ಬೆಂಕಿ ಏಳ್ತದಲ್ರೀ!"

"ಎಂತ ಮಾರಾಯ್ರೆ, ಬಿಸಿ ಹಾಲು ಊದಿ ಕುಡಿದೇ ಇಲ್ವಾ ನೀವು?"

ಅವಳಿಗೆ ನಗು ತಡೆಯಲಾಗಲಿಲ್ಲ. ಆದರೆ ಆ ನೀಲಿ ಅಂಚು... ರಾತ್ರಿಯೂ ಕಣ್ಣಿಗೆ ಕಟ್ಟಿತ್ತು.

ಹತ್ತು ದಿನ ಅವನು ಬಂದ, ಹೋದ. ಎಣ್ಣೆ ಡಬ್ಬಿ ಬಿಚ್ಚಿ ತಟ್ಟಿ, ಬಂಪರಿನ ಕೆಳಗೆ ಕೂರುವ ಅಗಲ ಬಾಯಿಯ ಆಲಿಕೆ ಮಾಡಿದಳು. ನಡುವೆ ಪಂಪ್‌ಸೆಟ್ಟಿನ ಸುರುಳಿ ಪೈಪು. ತುದಿಯಲ್ಲಿ ಗೇಣುದ್ದದ ತಗಡಿನ ಮೂತಿ, ಬ್ರೇಕಿನ ತಟ್ಟೆಗೆ ಎರಡೇ ಬೆರಳು ದೂರ; ಮುಂದಿನ ಎರಡು ಚಕ್ರಕ್ಕೂ ಒಂದೊಂದು. ಚಕ್ರ ಪೂರ್ತಿ ತಿರುಗಿದರೂ ಪೈಪು ಉಜ್ಜಬಾರದೆಂದು ಇಬ್ಬರೂ ಕಾರಿನ ಕೆಳಗೆ ಮಲಗಿ ದಾರ ಹಿಡಿದು ಅಳತೆ ತೆಗೆದರು. ಅವನ ಉಸಿರು ಅವಳ ಕಿವಿಗೆ ತಾಗುತ್ತಿತ್ತು.

"ಮಧುಕೇಶ್ವರ ಅವ್ರೇ, ಭಯ ಆಗಲ್ವಾ ನಿಮಗೆ?"

"ಆಗ್ತಿತ್ತು," ಎಂದ ಅವನು ಮೆಲ್ಲಗೆ. "ಈಗ ಗಾಳಿ ನೀವು ಕಳಿಸ್ತಿದ್ದೀರಲ್ಲ..."

ಅವಳ ಎದೆ ಹೊಡೆದುಕೊಂಡ ಸದ್ದು ಅವನಿಗೂ ಕೇಳಿತೇನೋ!

ಹನ್ನೊಂದನೇ ದಿನ ಗುರುಪ್ರಕಾಶ್ ಬಂದ. ಮೂತಿಯ ಜೋಡಣೆಗೆ ಅವಳು ಹೊಡೆದಿದ್ದ ರಿವೆಟ್ಟಿನ ಸಾಲನ್ನು ಉಗುರಿನಿಂದ ತಟ್ಟಿದ.

"ಏನೋ ಇದು ಮಧು? ಬಕೆಟ್ ಕಟ್ಕೊಂಡು ರೇಸಿಗೆ ಹೋಗೋದಾ? ಭಾನುವಾರ ಮದರಾಸಿನೋರು ನೋಡಕ್ಕೆ ಬರ್ತಾರೆ. ಹೆಂಗಸು ಮಾಡಿದ್ದು ಅಂತ ಗೊತ್ತಾದ್ರೆ ಮಾನ ಹೋಗ್ತದೆ."

ಹುಲಿಗೆಮ್ಮ ಮಧುಕೇಶ್ವರನ ಮುಖ ನೋಡಿದಳು. ಒಂದು ಮಾತು... ಒಂದೇ ಒಂದು ಮಾತು ಆಡಲಿ!

ಅವನು ತಲೆ ತಗ್ಗಿಸಿದ. ಭಾನುವಾರ ಚೆನ್ನಾಗಿ ಓಡಿಸಿದರೆ ಮದರಾಸಿನ ತಂಡದಲ್ಲಿ ಜಾಗ ಸಿಗುತ್ತಿತ್ತು. ಆ ಜಾಗದ ಕೀಲಿ ಇದ್ದುದು ಗಿರಣಿ ಮಾಲೀಕನ ಕಿಸೆಯಲ್ಲಿ. ಬಾಯಿ ಮುಚ್ಚಿಸಲು ಹೊಡೆಯಲೇಬೇಕೆಂದಿಲ್ಲ, ಅನ್ನದ ದಾರಿಗೆ ಅಡ್ಡ ನಿಂತರೆ ಸಾಕು. ಅದು ಅವಳಿಗೆ ಆ ಕ್ಷಣ ಹೊಳೆಯಲಿಲ್ಲ. ಹೊಳೆದದ್ದು ಒಂದೇ: 'ಇವನಿಗೂ ನಾನು ನಾಚಿಕೆ!'

"ರಿವೆಟ್ ಕಾಣಬಾರ್ದು ತಾನೇ? ಕಾಣಲ್ಲ ಬಿಡ್ರಿ," ಎಂದಳು.

ಹಠದಲ್ಲಿ ರಿವೆಟ್ಟೆಲ್ಲ ಕಿತ್ತಳು. ಹೊಸ ಮೂತಿ ಕತ್ತರಿಸಿ, ಸಂದು ಕೂಡಿಸಿ, ಬರೀ ಬೆಸುಗೆ ಹಾಕಿದಳು. ಕನ್ನಡಿಯಂಥ ಕೆಲಸ. ತಗಡಿನವರ ಪರೀಕ್ಷೆ ತಲೆತಲಾಂತರದಿಂದ ಒಂದೇ: ನೀರು ತುಂಬಿ ನೋಡು, ಹನಿ ಜಿನುಗದಿದ್ದರೆ ಪಾಸು. ತುಂಬಿ ನೋಡಿದಳು. ಹನಿಯೂ ಜಿನುಗಲಿಲ್ಲ.

"ಹುಲಿಗೆಮ್ಮಾರೇ, ಅವತ್ತು ನಾನು..." ಎಂದ ಮೂತಿ ಒಯ್ಯಲು ಬಂದ ಮಧುಕೇಶ್ವರ.

"ತಗೊಂಡು ಹೋಗ್ರಿ. ಇನ್ನು ಈ ಕಡೆ ಬರಬೇಡ್ರಿ."

ಅವನು ಮೂತಿಗಳನ್ನು ಎತ್ತಿಕೊಂಡು ಹೋದ.

ಭಾನುವಾರ ಬೆಳಿಗ್ಗೆ ನೆರೆಮನೆಯ ಹಾಲಮ್ಮ ಸುಟ್ಟು ಕರಕಾದ ಕೆಟಲು ತಂದು ಕುಕ್ಕಿದಳು.

"ಏನವ್ವಾ, ಇದೇನಾ ನಿನ್ನ ಗಟ್ಟಿ ಕೆಲಸ? ನೋಡಿಲ್ಲಿ, ಮೂತಿ ಉದುರಿ ಬಿತ್ತು!"

"ಏನು ಮಾಡಿದ್ರಿ ಇದಕ್ಕೆ?"

"ಮಾಡೋದೇನು? ನೀರು ಹಾಕೋದು ಮರೆತು ಒಲೆ ಮ್ಯಾಲೆ ಇಟ್ಟಿದ್ದೆ."

ಹುಲಿಗೆಮ್ಮ ಕೆಟಲು ಎತ್ತಿ, ಮೂತಿ ಬಿಟ್ಟ ಸಂದನ್ನು ಬೆರಳಿನಿಂದ ಸವರಿದಳು.

ನೀರಿದ್ದರೆ ಬೆಸುಗೆ ಕರಗುವುದಿಲ್ಲ. ಒಣಗಿದ್ದರೆ...

ಆ ಮೂತಿಯಲ್ಲಿ ಎಲ್ಲಿಯ ನೀರು? ಬರೀ ಗಾಳಿ. ಎರಡು ಬೆರಳು ದೂರದಲ್ಲಿ ನೀಲಿಗಟ್ಟುವಷ್ಟು ಕಾಯುವ ಕಬ್ಬಿಣ! ಬೆಸುಗೆ ಬಿಟ್ಟರೆ ತಗಡಿನ ಅಂಚು ನೇರ ಬ್ರೇಕ್ ಎಣ್ಣೆಯ ರಬ್ಬರು ಕೊಳವೆಯ ಮೇಲೆ. ಅದು ಹರಿದು ಎಣ್ಣೆ ಸೋರಿದರೆ ಬ್ರೇಕೇ ಇಲ್ಲ. ಆಮೇಲೆ ಏಳನೇ ತಿರುವು.

'ಅಯ್ಯೋ... ನನ್ನ ಕೈಯಾರೆ!'

"ಅಪ್ಪಾ, ನಾನು ಜಡೆಗೆ ಹೊಂಟೆ!"

"ಹೋಗು ಮಗಳೇ," ಎಂದ ರಾಜಪ್ಪ. ಯಾಕೆಂದು ಕೇಳಲಿಲ್ಲ. ಅವಳ ದನಿಯಲ್ಲೇ ಎಲ್ಲ ಇತ್ತು.

ರಿವೆಟ್ಟು, ಸುತ್ತಿಗೆ, ಕತ್ತರಿ, ಒಂದು ಹಾಳೆ ಹೊಸ ತಗಡು ಚೀಲಕ್ಕೆ ತುಂಬಿ ಓಡಿದಳು. ಬಸ್ಸು ಶಿರಾಳಕೊಪ್ಪದಲ್ಲಿ ಅರ್ಧ ಗಂಟೆ ನಿಂತಿತು. ಡ್ರೈವರ್ ಚಹಾ ಕುಡಿಯುತ್ತಿದ್ದ. ಅವಳು ಕಿಟಕಿಯ ಸರಳು ಹಿಡಿದು ಕೂತಳು. ಮಾರ್ಚ್ ಬಿಸಿಲಿಗೆ ಸರಳು ಕೈ ಸುಡುತ್ತಿತ್ತು. ಇಷ್ಟಕ್ಕೇ ಹೀಗೆ... ಅಲ್ಲಿ?

ಜಡೆಯಲ್ಲಿ ಇಳಿದಾಗಲೇ ಎಂಜಿನ್ನಿನ ಕೂಗು ಕೇಳಿತು.

ಕ್ವಾರಿಯ ಅಂಚಿನಲ್ಲಿ ಶಾಮಿಯಾನ. ಕರಿ ಕನ್ನಡಕದ ಇಬ್ಬರು ಅತಿಥಿಗಳು. ಕೆಳಗೆ ಕೆಂಪು ಗೋಡೆಗಳ ನಡುವೆ ಹಸಿರು ನೀರು, ಅಲುಗದೆ, ಕಾದು ಕೂತ ಹಾಗೆ.

"ಎಷ್ಟನೇ ಸುತ್ತು?" ಏದುಸಿರಿನಲ್ಲಿ ಕೇಳಿದಳು.

"ಹನ್ನೊಂದು. ನೀನ್ಯಾಕೆ ಬಂದೆ ಇಲ್ಲಿ?" ಗುರುಪ್ರಕಾಶ್ ಹುಬ್ಬು ಗಂಟಿಕ್ಕಿದ.

"ನಿಲ್ಲಿಸ್ರಿ! ಬೆಸುಗೆ ಕರಗ್ತದೆ, ಬ್ರೇಕ್ ಹೋಗ್ತದೆ! ಅವ್ರು ಸಾಯ್ತಾರೆ!"

"ಸಾಹೇಬ್ರ ಮುಂದೆ ಅರಚಬೇಡ. ಇನ್ನು ನಾಲ್ಕು ಸುತ್ತು. ಹೋಗತ್ಲಾಗೆ!"

ನಾಲ್ಕು ಸುತ್ತು! ಯಾರದೋ ಜೀವದಲ್ಲಿ ಇವನು ಸುತ್ತು ಲೆಕ್ಕ ಹಾಕುತ್ತಿದ್ದಾನೆ!

ಎಲ್ಲಿ ನಿಲ್ಲಬೇಕು? ಇಳಿಜಾರಿನಲ್ಲಿ ಅಡ್ಡ ನಿಂತರೆ ಅವನು ಬ್ರೇಕ್ ಒತ್ತುತ್ತಾನೆ, ಅದು ಹಿಡಿಯುವುದಿಲ್ಲ. ಏರಿನಲ್ಲಾದರೆ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಕಾರು ತಾನೇ ವೇಗ ಕಳೆದುಕೊಳ್ಳುತ್ತದೆ. ಅವಳು ಐದನೇ ತಿರುವಿನಾಚೆಯ ಏರಿಗೆ ಓಡಿ, ದಾರಿಯ ನಟ್ಟನಡುವೆ ನಿಂತು, ಹೊಸ ತಗಡನ್ನು ತಲೆಯ ಮೇಲೆತ್ತಿ ಸೂರ್ಯನಿಗೆ ಹಿಡಿದಳು.

ಬೆಳಕು ಕತ್ತಿಯಂತೆ ಚಿಮ್ಮಿತು.

ಕೆಂಪು ಕಾರು ತಿರುವು ದಾಟಿತು. ಬಂತು. ಬರುತ್ತಲೇ ಇತ್ತು... ಅವಳು ಕದಲಲಿಲ್ಲ.

ಎಂಜಿನ್ನಿನ ದನಿ ಒಮ್ಮೆಲೇ ಇಳಿಯಿತು. ಗೇರು ಕಿರುಚಿತು. ಹಿಂದಿನ ಚಕ್ರಗಳು ಕೆಂಪು ಧೂಳೆಬ್ಬಿಸಿದವು. ಕಾರು ಅವಳ ಮೊಣಕಾಲಿಗೆ ಮೊಳ ದೂರದಲ್ಲಿ ನಿಂತಿತು.

ಮಧುಕೇಶ್ವರ ಇಳಿದ. ತುಟಿ ಬಿಳಿಚಿತ್ತು. "ಹುಚ್ಚು ಹಿಡಿದಿದ್ಯಾ ನಿಂಗೆ! ಬ್ರೇಕು ಮೆತ್ತಗಾಗಿತ್ತು... ಗೇರಿಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ! ನಿಲ್ಲದೇ ಹೋಗಿದ್ರೆ?"

"ಚಕ್ರದ ಒಳಗೆ ನೋಡ್ರಿ," ಎಂದಳು. ತಗಡನ್ನು ಕೆಳಗಿಳಿಸಿದಳು.

ಅವನು ಬಗ್ಗಿದ. ಎಡಗಡೆಯ ಮೂತಿ ಸಂದು ಬಿಟ್ಟು ಬಾಯಿ ತೆರೆದಿತ್ತು. ಅದರ ಅಂಚು ರಬ್ಬರು ಕೊಳವೆಯನ್ನು ಅರ್ಧ ಗೀರಿತ್ತು. ಇನ್ನೊಂದೇ ಸುತ್ತು... ಅವನು ಗುಂಡಿಯ ನೀರನ್ನು ನೋಡಿದ.

"ಬೆಸುಗೆ ನನ್ನ ತಪ್ಪು," ಎಂದಳು. "ಕೋಪಕ್ಕೆ ಹಾಕಿದೆ. ನೀರು ತುಂಬಿ ನೋಡಿದೆ. ಬೆಂಕಿ ನೆನಪಾಗಲಿಲ್ಲ ನಂಗೆ..."

"ರಿವೆಟ್ ಕೀಳಿಸಿದ್ದು ನನ್ನ ಮೌನ," ಎಂದ ಅವನು.

ಗುರುಪ್ರಕಾಶ್ ಅತಿಥಿಗಳೊಂದಿಗೆ ಓಡಿ ಬಂದ. "ಯಾರೋ ಇವಳು ಹುಚ್ಚಿ, ಸಾರ್..."

"ಯಾರೋ ಅಲ್ಲ," ಮಧುಕೇಶ್ವರನ ದನಿ ಕ್ವಾರಿಯ ಗೋಡೆಗೆ ಬಡಿದು ವಾಪಸು ಬಂತು. "ಇವರು ಹುಲಿಗೆಮ್ಮ. ಈ ಕೊಳವೆ ಮಾಡಿದೋರು. ರಿವೆಟ್ ಹೊಡೆದೋರು ಇವರು, ಕೀಳಿಸಿದೋರು ನೀವು. ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ."

"ಡ್ರೈವರ್‌ಗಳು ಬೇಕಾದಷ್ಟು ಸಿಗ್ತಾರೋ ನಂಗೆ!"

"ಸಿಗ್ತಾರೆ. ಗಾಡಿ ಎದುರು ನಿಲ್ಲೋರು ಸಿಗಲ್ಲ." ಅವನು ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟ. ಆಮೇಲೆ ಚಕ್ರದ ಬಳಿ ಮಂಡಿಯೂರಿ ಎರಡೂ ಮೂತಿ ಕಳಚಿದ. ಬಟ್ಟೆ ಸುತ್ತಿದ್ದರೂ ಕೈ ಸುಟ್ಟಿತು.

ಮದರಾಸಿನವರು ತಮ್ಮ ಕಾರು ಹತ್ತಿ ಹೋದರು. ತಂಡದಲ್ಲಿನ ಜಾಗವೂ ಅವರ ಹಿಂದೆಯೇ ಹೋಯಿತು. ಗುಂಡಿಯ ನೀರು ಮಾತ್ರ ಹಾಗೇ ಕಾದಿತ್ತು.

ಮರುದಿನ ಶಿಕಾರಿಪುರದ ಅಂಗಡಿಯಲ್ಲಿ ಹಾಲಮ್ಮನ ಕೆಟಲಿಗೆ ಹೊಸ ಮೂತಿ ಕೂರಿಸಬೇಕಿತ್ತು. ಈ ಸಲ ಬೆಸುಗೆಯ ಜೊತೆಗೆ ರಿವೆಟ್ಟೂ. ರಿವೆಟ್ಟು ಒಬ್ಬರ ಕೆಲಸವಲ್ಲ. ಒಬ್ಬರು ಹೊಡೆಯಬೇಕು, ಇನ್ನೊಬ್ಬರು ಒಳಗಿಂದ ಕಬ್ಬಿಣದ ತುಂಡು ಒತ್ತಿ ಹಿಡಿಯಬೇಕು. ಇಷ್ಟು ದಿನ ಹಿಡಿಯುತ್ತಿದ್ದುದು ರಾಜಪ್ಪ. ಇಂದು ಅವನು ಬೇಕೆಂದೇ ಗೋಡೆ ಕಡೆ ತಿರುಗಿ ಮಲಗಿದ್ದ.

ಬಾಗಿಲಲ್ಲಿ ನೆರಳು ಬಿತ್ತು.

"ಬರಬೇಡ್ರಿ ಅಂದಿದ್ದೆನಲ್ಲ," ಎಂದಳು ತಲೆ ಎತ್ತದೆ.

"ಕೆಲಸ ಕೇಳೋಕೆ ಬಂದೆ. ಕತೆ ಹೇಳೋಕಲ್ಲ."

ಅವಳು ಕಬ್ಬಿಣದ ತುಂಡನ್ನು ಅವನತ್ತ ತಳ್ಳಿದಳು. ಬಟ್ಟೆ ಕಟ್ಟಿದ ಕೈಯಲ್ಲೇ ಅವನು ಅದನ್ನು ಕೆಟಲಿನ ಒಳಗೆ ಒತ್ತಿ ಹಿಡಿದ.

"ನೋವಾಗ್ತದೇನು?"

"ಹ್ಞೂಂ."

"ಗಟ್ಟಿಯಾಗಿ ಹಿಡೀಬೇಕು ಮತ್ತೆ. ಅಲುಗಿದ್ರೆ ಏಟು ನಿನ್ನ ಬೆರಳಿಗೇ."

ಮೊದಲ ಸಲ 'ನಿನ್ನ' ಅಂದಿದ್ದಳು. ಅವನು ಕೇಳಿಸಿಕೊಂಡ.

"ಎಷ್ಟು ಹೊತ್ತು ಹಿಡೀಲಿ?"

"ನಾನು ಸಾಕು ಅನ್ನೋ ತನಕ."

"ಹಂಗಾದ್ರೆ ಹುಲಿಗೆಮ್ಮಾ... ಸಾಕು ಅನ್ನಬೇಡ."

ಅವಳು ಸುತ್ತಿಗೆ ಎತ್ತಿದಳು.